ಹಸಿರು ಛತ್ರಿ, ಹಳದಿ ಛತ್ರಿ

ಜಹೀರಾಬಾದ್ ಬಸ್ ನಿಲ್ದಾಣದ ಎದುರು ಎರಡು ಮೊಬೈಲ್ ಕಂಪನಿಗಳು ಛತ್ರಿ ಹಾಕಿದ್ದವು. ಹಸಿರು ಛತ್ರಿಯ ಕೆಳಗೆ ಧಮ್ಮಶೀಲಾ ಸಿಮ್ ಮಾರುತ್ತಿದ್ದಳು, ಹಳದಿಯ ಕೆಳಗೆ ತುಳಜಪ್ಪ. ನಡುವೆ ಹತ್ತು ಹೆಜ್ಜೆ. ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಳ್ಳಬೇಕು, ಅದಕ್ಕೇ ಸಂಬಳ. ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಬಹುದೆಂಬ ನಿಯಮ ಬಂದ ಮೇಲಂತೂ ಈ ಎಳೆದಾಟಕ್ಕೆ ಕೊನೆಯೇ ಇರಲಿಲ್ಲ.

ಒಂದು ದಿನ ಝರಾಸಂಗಂ ಕಡೆಯ ಹಳ್ಳಿಯಿಂದ ಜನಾಬಾಯಿ ಎಂಬ ಮುದುಕಿ ಬಂದು ಧಮ್ಮಶೀಲಾಳ ಮೇಜಿನ ಮೇಲೆ ಫೋನ್ ಕುಕ್ಕಿದಳು.

"ನಿನ್ನ ಸಿಮ್ ಹಾಕಿದಾಗಿಂದ ನನ್ನ ಮಗಳು ನಾ ಸತ್ತೀನಿ ಅಂತ ತಿಳಕೊಂಡಾಳ. ಫೋನ್ ಹತ್ತವಲ್ದು ಅಂತ ನಿನ್ನೆ ತಾಂಡೂರಿಂದ ಅಳಕೋತ ಬಂದಾಳ."

"ಮನಿಯಾಗ ಸಿಗ್ನಲ್ ಬರಲ್ಲೇನ್ರಿ ಅವ್ವಾ?"

"ಬರ್ತದ. ಬೇವಿನ ಗಿಡ ಹತ್ತಿದ್ರ ಬರ್ತದ. ನಾ ಹತ್ತಂಗಿಲ್ಲ."

ಧಮ್ಮಶೀಲಾಳಿಗೆ ನಾಚಿಕೆಯಾಯಿತು. ಮಾರುವಾಗ 'ಎಲ್ಲಾ ಕಡೆ ಫುಲ್ ಸಿಗ್ನಲ್' ಅಂದವಳು ತಾನೇ. ಮುದುಕಿಯ ಕೈ ಹಿಡಿದು ತುಳಜಪ್ಪನ ಬಳಿ ಕರೆದೊಯ್ದಳು.

"ಕಾಕಾ, ಇವರ ಊರಾಗ ನಿಮ್ಮದೇ ನಡೀತದ. ಒಂದು ಸಿಮ್ ಕೊಡ್ರಿ."

ಇದರಲ್ಲಿ ಏನು ಮೋಸವಿದೆಯೆಂದು ತುಳಜಪ್ಪ ಬಹಳ ಹೊತ್ತು ಯೋಚಿಸಿದ. ಏನೂ ಹೊಳೆಯದೆ ಸಿಮ್ ಕೊಟ್ಟ. ಮಧ್ಯಾಹ್ನ ಕರಣಕೋಟದ ಕೂಲಿಯವನೊಬ್ಬನನ್ನು ತಾನೇ ಅವಳ ಬಳಿ ಕಳಿಸಿದ: "ಆ ಕಡಿ ನಮ್ಮದು ಛತ್ರಿ ಅಷ್ಟೇ ಅದ, ಟವರ್ ಇಲ್ಲ."

ಅಂದಿನಿಂದ ಇಬ್ಬರೂ ಗಿರಾಕಿಯ ಊರು ಕೇಳಿಯೇ ಸಿಮ್ ಕೊಡತೊಡಗಿದರು. ಬೈಯಲು ಬರುವವರು ಕಡಿಮೆಯಾದರು, ಕೊಳ್ಳಲು ಬರುವವರು ಹೆಚ್ಚಾದರು. ಎರಡು ತಿಂಗಳಲ್ಲಿ ಜಿಲ್ಲೆಯಲ್ಲೇ ಧಮ್ಮಶೀಲಾಳ ಮಾರಾಟ ಮೊದಲು. ಹಳದಿಯದೂ ಅಷ್ಟೇ ಏರಿದ್ದು ನೋಡಿ ಹಸಿರು ಕಂಪನಿಯ ಮ್ಯಾನೇಜರ್ ಅಮರನಾಥ ವಿಚಾರಣೆಗೆ ಬಂದ.

"ಎದುರಿನವರಿಗೆ ಗಿರಾಕಿ ಕಳಿಸ್ತೀಯಂತ?"

"ಹೌದ್ರಿ ಸಾಹೇಬ್ರ. ಅವರೂ ಕಳಿಸ್ತಾರ್ರಿ."

"ಪೈಪೋಟಿ ಅಂದ್ರ ಏನಂತ ಗೊತ್ತದೇನು ನಿನಗ?"

"ಛಲೋದು ಯಾವುದೋ ಅದನ್ನ ಗಿರಾಕಿ ಆರಿಸಿಕೊಳ್ಳೋದು. ಟ್ರೇನಿಂಗ್‌ನಾಗ ನೀವೇ ಹೇಳಿದ್ರಿ."

"ಅದು ಟ್ರೇನಿಂಗು," ಎಂದು ಅಮರನಾಥ ಅವಳ ಕೊರಳ ಗುರುತಿನ ಚೀಟಿ ಬಿಚ್ಚಿಸಿಕೊಂಡ.

ತಪ್ಪು ಮಾಡಿದ್ದರೆ ಧಮ್ಮಶೀಲಾ ಅತ್ತುಬಿಡುತ್ತಿದ್ದಳು. ಮಾಡಿರಲಿಲ್ಲವಾದ್ದರಿಂದ ಅಳುವುದು ಹೇಗೆಂದು ತಿಳಿಯಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಬಸ್ಸಿನತ್ತ ನಡೆದವಳನ್ನು ತುಳಜಪ್ಪ ಕೂಗಿ ನಿಲ್ಲಿಸಿದ, ಅಲ್ಲಿಂದಲೇ ತನ್ನ ಕಂಪನಿಗೆ ಫೋನ್ ಹಚ್ಚಿದ. ಎದುರಾಳಿಯ ಮೊದಲ ನಂಬರಿನ ಮಾರಾಟಗಾರ್ತಿ ಸಿಗುವಳೆಂದು ಕೇಳಿ ಅವರು ತಕ್ಷಣ ಒಪ್ಪಿದರು. ಪೈಪೋಟಿ ಅಂದರೆ ಹೀಗಿರಬೇಕು ಎಂದು ತುಳಜಪ್ಪನನ್ನು ಹೊಗಳಿದರು.

ಹಸಿರು ಛತ್ರಿಗೆ ಬೇರೆ ಜನ ಸಿಗದೆ ಅಮರನಾಥನೇ ಬಂದು ಕೂತ. ಈಗ ಹಳದಿ ಛತ್ರಿಯ ಕೆಳಗಿದ್ದ ಧಮ್ಮಶೀಲಾ ಕರಣಕೋಟದವರನ್ನು ಅವನ ಬಳಿ ಕಳಿಸಿದಳು. ಮೊದಲ ವಾರ ಅವನು ಮುಖ ತಿರುಗಿಸಿದ. ಎರಡನೇ ವಾರ ಸುಮ್ಮನೆ ಸಿಮ್ ಕೊಟ್ಟ.

ತಿಂಗಳ ಕೊನೆಗೆ ಒಬ್ಬ ಅಜ್ಜನನ್ನು ಕರೆದುಕೊಂಡು ತಾನೇ ಹತ್ತು ಹೆಜ್ಜೆ ನಡೆದು ಬಂದ.

"ನಾಗಲಗಿದ್ದ ಊರಿನ ಕಡಿಯವರಂತ," ಎಂದ ಸುತ್ತಮುತ್ತ ನೋಡಿ, ಮೆಲ್ಲಗೆ. "ಇವರ ಊರಾಗ ನಮ್ಮದು ನಡೆಯಂಗಿಲ್ಲ."

ಧಮ್ಮಶೀಲಾ ಅಜ್ಜನಿಗೆ ಕುರ್ಚಿ ಸರಿಸಿ ಆಧಾರ್ ಕಾರ್ಡ್ ಕೇಳಿದಳು.