ನೋಡುವ ಹುಲ್ಲು

"ಚಪ್ಪಲಿ ಬಿಟ್ಟು ಕಾಲಿಡಿ ಮೇಡಂ, ಹೆದರಬೇಡಿ. ಇದು ಮೆಟ್ಟಿಸ್ಕೊಳ್ಳೋಕೇ ಹುಟ್ಟಿರೋ ಹುಲ್ಲು," ಎನ್ನುತ್ತಾ ನರ್ಸರಿಯಾಕೆ ಹಳೆಯ ಪೇಪರಿನ ಮೇಲಿಟ್ಟಿದ್ದ ಲಾನ್ ಹುಲ್ಲಿನ ತುಂಡನ್ನು ಜಗಲಿಯ ನಡುವಿಗೆ ಎಳೆದಳು. ಬಾಗಿಲಲ್ಲಿ ಹಾಕುವ ಕಾಲೊರಸಿನಷ್ಟು ಅಗಲದ ತುಂಡು. ಅಡಿಯಲ್ಲಿ ಎರಡು ಬೆರಳು ದಪ್ಪ ಒದ್ದೆಮಣ್ಣು, ಮೇಲೆ ಒತ್ತಾಗಿ ಬೆಳೆದ, ಸಮನಾಗಿ ಕತ್ತರಿಸಿದ ಹಸಿರು.

ಅಕ್ಕ ಕಾಲಿಡಲಿಲ್ಲ. ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಹೊರಗೆ ಬಂದಿದ್ದಳು. ಒಳಗಿನ ಕೋಣೆಯಲ್ಲಿ ಶಾಲೆಯೊಂದರ ಬಿಳಿ ಅಂಗಿಗಳು ರಾಶಿ ಬಿದ್ದಿದ್ದವು. ಅಂಗಳದ ಬರಿಮಣ್ಣಿನ ಧೂಳು ಕಿಟಕಿಯಿಂದ ಬಂದು ಆ ಬಿಳಿಯ ಮೇಲೆ ಕೂರುತ್ತದೆ, ಗಿರಾಕಿಗಳು ಮೂಗು ಮುರಿಯುತ್ತಾರೆ. ಅದಕ್ಕೇ ಈ ಹುಲ್ಲಿನ ಯೋಚನೆ.

"ಇದಕ್ಕೆ ಕೆಲಸ ಎಷ್ಟು ಹೇಳಿ," ಎಂದಳು ಅಕ್ಕ.

"ಸುಳ್ಳು ಯಾಕೆ ಹೇಳ್ಲಿ? ವಾರ ವಾರ ಕತ್ತರಿಸ್ಬೇಕು, ನೀರು ತಪ್ಪಿಸೋ ಹಾಗಿಲ್ಲ, ಕಳೆ ಕೀಳ್ತಾನೇ ಇರ್ಬೇಕು. ಕೈಗೂಸು ಸಾಕಿದ ಹಾಗೆ. ಆದ್ರೆ ಇದರ ಮೇಲೆ ನಡೀಬಹುದು, ಕೂರಬಹುದು, ಬಿದ್ರೂ ಪೆಟ್ಟಾಗಲ್ಲ." ಆಕೆ ಪಕ್ಕದ ಕುಂಡದ ಕಡೆ ತಿರುಗಿದಳು. ಅದರಲ್ಲಿ ಎದೆಯೆತ್ತರದ ಹುಲ್ಲು ನಾಲ್ಕೂ ಕಡೆ ಬಾಗಿ, ತುದಿಯಲ್ಲಿ ಬೆಳ್ಳಿಬಣ್ಣದ ಕುಚ್ಚು ಬಿಟ್ಟುಕೊಂಡು ನಿಂತಿತ್ತು. "ಇದು ಅಲಂಕಾರದ ಹುಲ್ಲು. ಮಹಾರಾಣಿ! ವರ್ಷಕ್ಕೊಂದು ಸಲ ತಲೆ ಬೋಳಿಸಿದ್ರೆ ಮುಗೀತು. ಬುಡಕ್ಕೆಲ್ಲ ಬೆಣಚುಕಲ್ಲು ಹರಡಿಬಿಟ್ರೆ ಕಳೆಯೂ ಇಲ್ಲ, ಧೂಳೂ ಇಲ್ಲ. ಆದ್ರೆ ಮೆಟ್ಟೋ ಹಾಗಿಲ್ಲ, ನೋಡೋಕೆ ಮಾತ್ರ."

"ನನಗೆ ಮೊದಲನೇದೇ ಇಷ್ಟ," ಎಂದಳು ತಂಗಿ. ಬೆತ್ತದ ಕುರ್ಚಿಯಲ್ಲಿ ಕೂತು ಅಂಗಿಯೊಂದಕ್ಕೆ ಕಾಜಾ ಹೊಲಿಯುತ್ತಿದ್ದಳು. ವಾಕರ್ ಕೈಗೆ ಎಟುಕದಷ್ಟು ದೂರದಲ್ಲಿ, ಗೋಡೆಗೆ ಒರಗಿತ್ತು.

"ನಿನ್ನ ಯಾರು ಕೇಳಿದ್ರು ಪುಟ್ಟಿ? ವಾರ ವಾರ ನೀನು ಕುಂಟ್ಕೊಂಡು ಹೋಗಿ ಕತ್ತರಿಸ್ತೀಯಾ?"

ನರ್ಸರಿಯಾಕೆ ನಕ್ಕಳು. ಆಮೇಲೆ ನಗಬಾರದಿತ್ತೇನೋ ಎಂಬಂತೆ ಬಾಯಿ ಒರೆಸಿಕೊಂಡಳು.

ಪುಟ್ಟಿಗೆ ನಲವತ್ತಾರು ವರ್ಷ. ಮದುವೆಯಾಗಿ ದೂರದ ಊರು ಸೇರಿದವಳು ಅಕ್ಕನ ಮನೆಗೆ ಬರುತ್ತಿದ್ದದ್ದೇ ಅಪರೂಪ. ಬಂದರೂ ಒಂದು ಸಣ್ಣ ಚೀಲ, ಹಿಂದಿರುಗುವ ಟಿಕೆಟ್ಟು, ಕುರ್ಚಿಯ ತುದಿಯಲ್ಲಿ ಕೂತು ಮಾತು. ಅವಳು ಹೋದ ಮೇಲೆ, ಒಬ್ಬಳೇ ಇರುತ್ತಿದ್ದ ಅಕ್ಕ ಎರಡು ಲೋಟಗಳಲ್ಲಿ ಒಂದನ್ನು ತೊಳೆದು ಕಪಾಟಿನ ಹಿಂದಕ್ಕೆ ಸೇರಿಸುತ್ತಿದ್ದಳು. ಹೋದ ವರ್ಷದ ಕೊನೆಗೆ ತಂಗಿ ಮೆಟ್ಟಿಲಿಂದ ಜಾರಿ ಬಿದ್ದಳು. ಎಡಗಾಲಿನ ಮೂಳೆ ಎರಡು ಕಡೆ ಮುರಿದು ರಾಡು ಹಾಕಬೇಕಾಯಿತು. ಅವಳ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಗಂಡ ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು. ನಡೆಯುವಂತಾಗುವವರೆಗೆ ಇಲ್ಲಿರಲಿ ಎಂದು ಅವನೇ ತಂದು ಬಿಟ್ಟುಹೋದ. "ಹತ್ತು ಹೆಜ್ಜೆ ಅವಳಾಗೇ ನಡೆದ್ರೆ ಸಾಕಕ್ಕ. ಮೆಟ್ಟಿಲು ನಾನು ಹತ್ತಿಸ್ಕೋತೀನಿ," ಎಂದಿದ್ದ.

ಅಂದಿನಿಂದ ಆ ಮನೆಯಲ್ಲಿ "ಅಕ್ಕಾ" ಎಂಬ ಕೂಗು ಕೇಳುತ್ತಿತ್ತು. ನೀರಿಗೆ, ಬಚ್ಚಲಿಗೆ, ಬಿದ್ದುಹೋದ ಸೂಜಿಗೆ. ಕೂಗಿದಾಗಲೆಲ್ಲ ಅಕ್ಕ ಗೊಣಗುತ್ತಿದ್ದಳು. ಗೊಣಗುತ್ತಾ ಎದ್ದು ಹೋಗುವಾಗ ಅವಳ ಹೆಜ್ಜೆ ಮಾತ್ರ ಹಗುರವಾಗಿರುತ್ತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿಯನ್ನು, ಇನ್ನು ಬರುವುದು ಬೇಡವೆಂದು ಬಿಡಿಸಿದ್ದಳು. ಬಿದ್ದಾಗ ಒಡೆದಿದ್ದ ತಂಗಿಯ ಮೊಬೈಲು "ರಿಪೇರಿಗೆ ಕೊಟ್ಟಿದ್ದೀನಿ" ಎಂಬ ಅಕ್ಕನ ಮಾತಿನಲ್ಲೇ ಇನ್ನೂ ಉಳಿದಿತ್ತು.

ತಂಗಿ ಸೂಜಿಯನ್ನು ಅಂಗಿಗೆ ಚುಚ್ಚಿ ಪಕ್ಕಕ್ಕಿಟ್ಟಳು. ಬಗ್ಗಿ ಕಾಲುಚೀಲ ತೆಗೆದಳು. ರಾಡು ಹಾಕಿದ ಕಾಲು ಇನ್ನೊಂದಕ್ಕಿಂತ ಸೊರಗಿ, ಬಿಳುಚಿಕೊಂಡಿತ್ತು. ಹುಲ್ಲಿನ ತುಂಡನ್ನು ಹಿಮ್ಮಡಿಯಿಂದ ಹತ್ತಿರಕ್ಕೆ ಎಳೆದು ಎರಡೂ ಪಾದಗಳನ್ನು ಅದರ ಮೇಲಿಟ್ಟಳು.

"ಅಯ್ಯೋ, ಎಷ್ಟು ತಣ್ಣಗಿದೆ ಅಕ್ಕಾ!"

ಕುರ್ಚಿಯ ಕೈಗಳನ್ನು ಹಿಡಿದು ಎದ್ದಳು. ಮೊದಲು ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದನ್ನು. ಏನನ್ನೂ ಹಿಡಿಯದೆ, ಬೆರಳುಗಳಿಂದ ಹುಲ್ಲನ್ನು ಒತ್ತಿಕೊಂಡು ನಿಂತಳು. ಕಣ್ಣು ನಗುತ್ತಿತ್ತು. ಅಕ್ಕನಿಗೆ ಅವಳು ಇದ್ದಕ್ಕಿದ್ದಂತೆ ಎತ್ತರವಾದಂತೆ ಕಂಡಳು. ಇಷ್ಟು ತಿಂಗಳು ತಗ್ಗಿ ನೋಡಿದ್ದ ಮುಖ ಈಗ ತನ್ನ ಮುಖಕ್ಕೆ ಸಮನಾಗಿತ್ತು.

ನರ್ಸರಿಯಾಕೆ ಚಪ್ಪಾಳೆ ತಟ್ಟಿದಳು. "ನೋಡಿ, ನೋಡಿ! ಲಾನ್ ಹಾಕಿಸಿ ಮೇಡಂ. ಇನ್ನೊಂದು ತಿಂಗಳಲ್ಲಿ ನಿಮ್ಮ ತಂಗಿ ಕೈಗೇ ಸಿಗಲ್ಲ!"

"ಅಲಂಕಾರದ್ದೇ ಇರಲಿ," ಎಂದಳು ಅಕ್ಕ. "ಗೇಟಿನ ತನಕ ಹಾಕಿ. ಕಲ್ಲು ದಪ್ಪವಾಗಿ ಹರಡಿಸಿ."

"ಓಡಾಡೋಕೆ?"

"ನಡುವೆ ಚಪ್ಪಡಿ ಇಡಿಸಿ. ಹೆಜ್ಜೆಗೊಂದು, ಬಿಡಿಬಿಡಿಯಾಗಿ. ಬರೋ ಗಿರಾಕಿಗಳಿಗೆ ಕಾಲಿದೆಯಲ್ಲ."

ನರ್ಸರಿಯಾಕೆ ವಾಕರ್ ಕಡೆಗೊಮ್ಮೆ ನೋಡಿದಳು. ಆಮೇಲೆ ಲಾನ್ ತುಂಡನ್ನು ಪೇಪರಿನಲ್ಲಿ ಸುತ್ತತೊಡಗಿದಳು. ತಂಗಿ ತಾನಾಗಿಯೇ ಕೂತಳು.

ಸಂಜೆ ಅಕ್ಕ ಅವಳ ತಲೆ ಬಾಚುತ್ತಿದ್ದಾಗ ತಂಗಿ ಮೆಲ್ಲಗೆ ಕೇಳಿದಳು. "ಅಕ್ಕಾ, ಗೋಡೆ ಪಕ್ಕ ಒಂದು ಪಟ್ಟಿ ಲಾನ್ ಹಾಕಿಸು. ಚಾಪೆಯಷ್ಟು ಅಗಲ ಇದ್ರೆ ಸಾಕು. ಅಲ್ಲೇ ಹಿಂದೆ ಮುಂದೆ ನಡೆದು ಅಭ್ಯಾಸ ಮಾಡ್ಕೋತೀನಿ."

"ಬಿದ್ರೆ ಎತ್ತೋರು ಯಾರು?"

"ಹುಲ್ಲಿನ ಮೇಲೆ ಬಿದ್ರೆ ಏನೂ ಆಗಲ್ಲ ಅಂದ್ರಲ್ಲ ಅವರು."

"ಒಂದು ಸಲ ಬಿದ್ದು ನನ್ನ ಕೊರಳಿಗೆ ಬಿದ್ದಿದ್ದೀಯ. ಸಾಲದಾ?" ಅಕ್ಕ ಜಡೆಯನ್ನು ಬಿಗಿಯಾಗಿ ಎಳೆದು ಕಟ್ಟಿದಳು. ತಂಗಿಯ ಹುಬ್ಬುಗಳು ಮೇಲೆದ್ದವು. "ಅಲ್ಲಾಡ್ಬೇಡ. ನೋಡು, ಎಷ್ಟು ಚೆನ್ನಾಗಿ ಕೂತಿದೆ."

ಹುಲ್ಲು ಬಂತು. ಬೇರೂರಿ, ತಿಂಗಳುಗಳಲ್ಲಿ ಇನ್ನಷ್ಟು ದಟ್ಟವಾಯಿತು. ಅಂಗಿಗಳ ಮೇಲೆ ಧೂಳು ಕೂರುವುದು ನಿಂತಿತು. ಬಂದ ಹೆಂಗಸರೆಲ್ಲ ಚಪ್ಪಡಿಯಿಂದ ಚಪ್ಪಡಿಗೆ ಕಾಲು ಹಾಕುತ್ತಾ, "ಎಷ್ಟು ಚೆಂದ ಇಟ್ಟಿದ್ದೀರಿ, ತಂಗಿಯನ್ನೂ ಅಂಗಳವನ್ನೂ," ಎಂದು ಹೊಗಳಿದರು. ಜಗಲಿಯ ಕುರ್ಚಿಯಲ್ಲಿ ಕೂತರೆ ಈಗ ರಸ್ತೆ ಕಾಣುತ್ತಿರಲಿಲ್ಲ. ಕುಚ್ಚುಗಳ ಮೇಲೆ ಹಾದುಹೋಗುವ ತಲೆಗಳಷ್ಟೇ ಕಾಣುತ್ತಿದ್ದವು.

ಒಂದು ಭಾನುವಾರ ತಂಗಿಯ ಗಂಡನ ಫೋನು ಬಂದಾಗ ಅಕ್ಕ ಎಂದಿನಂತೆ ಅದನ್ನು ಹಿಡಿದುಕೊಂಡು ಅಡುಗೆಮನೆಗೆ ಹೋದಳು.

"ಎಲ್ಲಿ ನಡೀತಾಳೆ? ನಿಲ್ಲೋಕೇ ಆಗ್ತಿಲ್ಲ ಅವಳಿಗೆ. ನಾನೇ ಎತ್ತಿ ಕೂರಿಸ್ಬೇಕು. ಈ ವರ್ಷವಂತೂ ಮರೆತುಬಿಡಿ... ಅಯ್ಯೋ, ಅದಕ್ಯಾಕೆ ಅಷ್ಟು ದೊಡ್ಡ ಮಾತು, ನನ್ನ ತಂಗಿ ತಾನೇ? ಮಲಗಿದ್ದಾಳೆ, ಎಬ್ಬಿಸಲ್ಲ."

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ತಂಗಿ ವಾಕರ್ ಹಿಡಿದು ನಿಂತಿದ್ದಳು.

ತಂಗಿ ವಾಕರನ್ನು ನಿಧಾನವಾಗಿ ತಿರುಗಿಸಿಕೊಂಡು ನಡುಮನೆ ದಾಟಿದಳು, ಜಗಲಿ ದಾಟಿದಳು. ಅಕ್ಕ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತಳು. ಎಲ್ಲಿಗೆ ಹೋದಾಳು? ಕೂಗುತ್ತಾಳೆ, ಹೋಗಿ ಕರೆತಂದರಾಯಿತು. ತೋಳೊಂದನ್ನು ಅಂಗಿಗೆ ಕೂಡಿಸಿ ಪೆಡಲು ತುಳಿದಳು.

ಕಲ್ಲಿನ ಮೇಲೆ ವಾಕರ್ ಕರಕರ ಎಂದಿತು, ಮತ್ತೆ ಎಂದಿತು, ಆಮೇಲೆ ನಿಂತಿತು.

"ಅಕ್ಕಾ."

ಅಕ್ಕ ಹೊಲಿಗೆ ನಿಲ್ಲಿಸಲಿಲ್ಲ.

"ಅಕ್ಕಾ, ಸಿಕ್ಕಿಹಾಕ್ಕೊಂಡಿದೆ, ಬಾ."

ಸ್ವಲ್ಪ ನಿಲ್ಲಲಿ ಎಂದುಕೊಂಡಳು ಅಕ್ಕ. ಅಲ್ಲೇ ನಿಂತು, ಯಾರು ಬೇಕು ಯಾರು ಬೇಡ ಎಂದು ಯೋಚಿಸಲಿ. ತೋಳು ಮುಗಿಯಿತು. ಇನ್ನೊಂದು ತೋಳನ್ನೂ ಕೂಡಿಸಿದಳು. ಅದು ಅರ್ಧವಾದಾಗ ಕೂಗು ನಿಂತುಹೋಗಿದ್ದು ತಿಳಿಯಿತು. ದಾರ ಕತ್ತರಿಸಿ, ಕತ್ತರಿ ಕೈಯಲ್ಲಿ ಹಿಡಿದೇ ಎದ್ದು ಬಾಗಿಲಿಗೆ ಬಂದಳು.

ವಾಕರ್ ಒಂದು ಕಾಲನ್ನು ಕಲ್ಲಿನಲ್ಲಿ ಹೂತುಕೊಂಡು ವಾರೆಯಾಗಿ ನಿಂತಿತ್ತು. ತಂಗಿ ಅದರ ಹತ್ತಿರ ಇರಲಿಲ್ಲ. ಇನ್ನೂ ಮುಂದೆ, ಹುಲ್ಲಿನ ಎರಡು ಪೊದೆಗಳ ನಡುವೆ, ನೆಲದ ಮೇಲೆ ಕೂತಿದ್ದಳು. ಎರಡೂ ಕೈ ಹಿಂದಕ್ಕೆ ಊರಿ, ಒಳ್ಳೆಯ ಕಾಲನ್ನು ಒತ್ತಿ ಹಿಂದುಹಿಂದಕ್ಕೆ ಗೇಟಿನ ಕಡೆಗೆ ತೆವಳುತ್ತಿದ್ದಳು. ಮುಖ ಮನೆಯ ಕಡೆಗಿತ್ತು. ಅಂಗೈ ತರಚಿ ಕಲ್ಲುಗಳ ಮೇಲೆ ಅಲ್ಲಲ್ಲಿ ಕೆಂಪಾಗಿತ್ತು.

"ಏಯ್ ಪುಟ್ಟಿ, ಹುಚ್ಚು ಹಿಡಿದಿದೆಯಾ? ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ? ಬಾ, ಎತ್ತಿ ಕೂರಿಸ್ತೀನಿ."

ತಂಗಿ ಅವಳನ್ನೇ ನೋಡುತ್ತಾ ಇನ್ನೊಂದು ಮೊಳ ಹಿಂದಕ್ಕೆ ಸರಿದಳು.

"ಬಾ ಅಂದ್ನಲ್ಲ!"

ಇನ್ನೊಂದು ಮೊಳ.

ಅಕ್ಕ ಜಗಲಿಯಿಂದ ಇಳಿದಳು. ತಂಗಿ ತೆವಳಿದಲ್ಲೆಲ್ಲ ಬೆಣಚುಕಲ್ಲು ಎರಡೂ ಬದಿಗೆ ಸರಿದು, ಕೆಳಗಿನ ಕಪ್ಪು ಮಣ್ಣು ಉದ್ದಕ್ಕೆ ಗೆರೆಯಾಗಿ ಕಾಣುತ್ತಿತ್ತು. ಅಕ್ಕ ಆ ಗೆರೆಯನ್ನು ನೋಡುತ್ತಾ ನಿಂತಳು. ಆಮೇಲೆ ಚಪ್ಪಲಿಯ ಅಂಚಿನಿಂದ ಕಲ್ಲುಗಳನ್ನು ಮೊದಲಿದ್ದ ಜಾಗಕ್ಕೆ ತಳ್ಳಿ, ಮೆಟ್ಟಿ ಮಟ್ಟ ಮಾಡುತ್ತಾ, ತಂಗಿಯ ಹಿಂದೆಯೇ ಒಂದೊಂದೇ ಹೆಜ್ಜೆ ಮುಂದಕ್ಕೆ ಹೋದಳು.