ಚಿಲಕವಿಲ್ಲದ ಮನೆ

"ಬಾಗಿಲು ತೆಗೆದೇ ಇತ್ತಪ್ಪ," ಎಂದಳು ದೊಡ್ಡಮ್ಮ. "ನಾವೇ ಗಾಬರಿಯಾಗಿ ಒಬ್ಬರ ಮೇಲೊಬ್ಬರು ಬಿದ್ವಿ. ಕೆಲವರು ಊಟದ ಡಬ್ಬಿ ಮರೆತ್ವಿ ಅಂತ ವಾಪಸ್ ಹೋದ್ರು. ದುರದೃಷ್ಟವಶಾತ್ ನಿಮ್ಮಮ್ಮನೂ ಹೋದ್ಲು."

ಮೇಷ್ಟ್ರು ಮೇಜಿನ ಮೇಲಿದ್ದ ರೆಕಾರ್ಡರಿನ ಕೆಂಪು ದೀಪವನ್ನೇ ನೋಡುತ್ತ ಕೂತರು. ದುರದೃಷ್ಟವಶಾತ್ ಎಂಬ ಮಾತು ದೊಡ್ಡಮ್ಮನದಲ್ಲ. ಅದು ಪುರಸಭೆಯ ಅಧ್ಯಕ್ಷರದು. ಪ್ರತಿವರ್ಷ ಸ್ಮರಣೆಯ ದಿನ ಅವಳನ್ನು ವೇದಿಕೆಯ ಮೇಲೆ ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು, ಅಧ್ಯಕ್ಷರು ಅದೇ ಭಾಷಣ ಮಾಡುತ್ತಿದ್ದರು. ಅಧ್ಯಕ್ಷರು ಬದಲಾದರೂ ಭಾಷಣ ಬದಲಾಗಲಿಲ್ಲ. ಕೇಳಿ ಕೇಳಿ ಅದೀಗ ಅವಳ ನೆನಪೇ ಆಗಿಬಿಟ್ಟಿತ್ತು.

ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಮೇಷ್ಟ್ರು ಇನ್ನೂ ಶಾಲೆಗೆ ಸೇರಿರಲಿಲ್ಲ. ತಾಯಿ ಅದರಲ್ಲಿ ಹೋದಳು. ಅಕ್ಕತಂಗಿಯರಿಬ್ಬರದೂ ಅಕ್ಕಪಕ್ಕದ ಮೆಷೀನು. ದೊಡ್ಡಮ್ಮ ಮಾತ್ರ ಕಕ್ಕಸಿನ ಕಿಟಕಿ ಒಡೆದು ಹೊರಗೆ ಬಿದ್ದಳು. ಆಸ್ಪತ್ರೆಯಿಂದ ಬಂದ ವಾರವೇ, ಕೈಗೆ ಕಟ್ಟಿದ್ದ ಬ್ಯಾಂಡೇಜು ಬಿಚ್ಚುವ ಮೊದಲೇ, ಬಡಗಿಯನ್ನು ಕರೆಸಿ ಮನೆಯ ಒಂದೊಂದು ಚಿಲಕವನ್ನೂ ಕೀಳಿಸಿದಳು. ಮುಂಬಾಗಿಲನ್ನೂ ಬಿಡಲಿಲ್ಲ. ಕಳ್ಳ ಬಂದರೆ ಪಾತ್ರೆ ತೊಳೆಸಿ ಕಳಿಸ್ತೀನಿ ಎನ್ನುತ್ತಿದ್ದಳು. ಬಚ್ಚಲಿಗೂ ಚಿಲಕವಿಲ್ಲದ್ದರಿಂದ ಒಳಗೆ ಹೋದವರು ಹಾಡಬೇಕೆಂಬ ನಿಯಮವಾಯಿತು. ದೊಡ್ಡಮ್ಮನ ಮಗಳು ಗಂಟಲು ಹರಿಯುವಂತೆ ಹಾಡುತ್ತಿದ್ದಳು. ಹಾಡು ಬಾರದ ಮೇಷ್ಟ್ರು ಮಗ್ಗಿ ಹೇಳಿಕೊಂಡೇ ಮೈ ತೊಳೆದು ದೊಡ್ಡವರಾದರು.

ಅಮ್ಮ ಯಾಕೆ ಬರಲಿಲ್ಲ ಎಂದು ಕೇಳಿದಾಗಲೆಲ್ಲ ಆಗ ದೊಡ್ಡಮ್ಮ ಹೇಳುತ್ತಿದ್ದುದು ಒಂದೇ ಮಾತು: "ಹೊರಗಿಂದ ಬೀಗ ಹಾಕಿದ್ರು ಮಗ. ನಾವು ಬಟ್ಟೆ ಕದೀತೀವಂತೆ."

ಮುಂದೆ ಮೇಷ್ಟ್ರು ಇತಿಹಾಸವನ್ನೇ ಓದಿದರು. ಕಾರ್ಖಾನೆಗಳ ಮೇಲೆ ಸಂಶೋಧನೆಗೆ ಕೂತಾಗ ಅವರ ಗೈಡು, ಮನೆಯವರ ಮಾತು ಬೇಡ, ನಾಳೆ ಯಾರೂ ನಂಬುವುದಿಲ್ಲ ಎಂದಿದ್ದರು. ಮೇಷ್ಟ್ರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಬದುಕುಳಿದ ಬೇರೆ ಹೆಂಗಸರ ಅಡುಗೆಮನೆಗಳಲ್ಲಿ ರೆಕಾರ್ಡರು ಇಟ್ಟುಕೊಂಡು ಕೂತರು. ಅವರ ಮಕ್ಕಳೆಲ್ಲ ಅದೇ ಮಾಲೀಕನ ಹೊಸ ಕಾರ್ಖಾನೆಯಲ್ಲಿದ್ದರು; ಬಾಗಿಲಿನ ಸುದ್ದಿ ಬಂದರೆ ಸಾಕು, ಒಬ್ಬೊಬ್ಬರೂ ಒಲೆ ಕಡೆ ತಿರುಗುತ್ತಿದ್ದರು. ಹಾಗೇ ಒಬ್ಬೊಬ್ಬರಾಗಿ ತೀರಿಕೊಂಡರು. ದಿನಾ ಬಡಿಸುತ್ತಿದ್ದ ದೊಡ್ಡಮ್ಮನ ಮುಂದೆ ಮಾತ್ರ ಮೇಷ್ಟ್ರು ರೆಕಾರ್ಡರು ಇಡಲೇ ಇಲ್ಲ.

ಈಗ ಪುರಸಭೆ ಕಾರ್ಖಾನೆಯ ಜಾಗದಲ್ಲಿ ಕಲ್ಲು ನಿಲ್ಲಿಸುತ್ತಿತ್ತು. ಸತ್ತವರ ಹೆಸರುಗಳ ಮೇಲೆ ಕೆತ್ತುವ ಒಕ್ಕಣೆ ಮೇಷ್ಟ್ರ ಕೈಗೆ ಬಂದಿತ್ತು: "ಬಾಗಿಲು ತೆರೆದಿದ್ದರೂ ಗಾಬರಿಯಿಂದ ದಾರಿ ಕಾಣದೆ ಅಸುನೀಗಿದವರು." ಕಲ್ಲಿನ ಕೆಲಸ ನೋಡಿಕೊಳ್ಳುತ್ತಿದ್ದ ಗುಮಾಸ್ತ ಅವರ ಹಳೇ ವಿದ್ಯಾರ್ಥಿ.

"ಆಧಾರ ಕೊಡಿ ಸಾರ್, ಬದಲಾಯಿಸೋಣ. ನಾಳೆ ಕೆತ್ತೋಕೆ ಶುರು ಮಾಡ್ತಾರೆ," ಎಂದಿದ್ದ. "ಮೂಲ ಆಧಾರ ಇಲ್ದೆ ಒಂದಕ್ಷರ ಬರೀಬೇಡಿ ಅಂತ ನೀವೇ ಅಲ್ವಾ ಪಾಠ ಮಾಡಿದ್ದು?"

ಅವನದು ಕೊಂಕು ಮಾತಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಅಂದಿನ ವಿಚಾರಣೆಯ ಕಡತವನ್ನು ಮೇಷ್ಟ್ರು ಎಂದೋ ನೋಡಿದ್ದರು. ಅದರಲ್ಲಿ ಮಾಲೀಕನ ಹೇಳಿಕೆಯಿತ್ತು, ಮೇಲ್ವಿಚಾರಕನ ಹೇಳಿಕೆಯಿತ್ತು. ಹೆಂಗಸರನ್ನು ಯಾರೂ ಕೇಳಿರಲಿಲ್ಲ. ಅದೂ ಮೂಲ ಆಧಾರವೇ. ಸೀಲು, ಸಹಿ ಎಲ್ಲ ಸರಿಯಾಗಿತ್ತು.

"ನೀನೇ ಸ್ವಲ್ಪ ಜ್ಞಾಪಿಸೋ," ಎಂದಳು ಅಕ್ಕ. ದೊಡ್ಡಮ್ಮನ ಆ ಮಗಳು ನೆಲದ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು.

"ಹಂಗೆಲ್ಲ ಅವಳ ಬಾಯಿಗೆ ಮಾತು ತುರುಕಬಾರದಕ್ಕ."

"ನಿನ್ನ ಬಾಯಿಗೆ ತುತ್ತು ತುರುಕಿ ಸಾಕಿದೋಳು ಅವಳು. ನೀನೊಂದು ಮಾತು ತುರುಕಿದ್ರೆ ಏನು ಮುಳುಗಿಹೋಗುತ್ತೆ?"

ಮೇಷ್ಟ್ರು ನಗಲಿಲ್ಲ. ಬಳಸಿಕೊಂಡು ಹೋಗಿ ನೋಡೋಣವೆಂದು ಬೇರೆ ಪ್ರಶ್ನೆ ಹಾಕಿದರು. "ಅವತ್ತು ಏನು ಹೊಲೀತಿದ್ರಿ ದೊಡ್ಡಮ್ಮ?"

ದೊಡ್ಡಮ್ಮನ ಮುಖ ಅರಳಿತು. "ನೀಲಿ ಯೂನಿಫಾರಂ, ಮಕ್ಕಳದ್ದು. ನಿಮ್ಮಮ್ಮ ಕಾಲರ್ ಹಾಕ್ತಿದ್ಲು, ನಾನು ಜೇಬು. ಅವಳ ಮೆಷೀನಿಗೆ ಎಣ್ಣೆ ಬಿಟ್ಟಿರ್ಲಿಲ್ಲ, ಕಿರಕಿರ ಅಂತಿತ್ತು. ನಂಗೆ ತಲೆನೋವು ಅಂತ ಬೈದೆ."

"ಆಮೇಲೆ?"

"ಹೊಗೆ ಬಂತು. ಅವಳ ಕೈ ಹಿಡ್ಕೊಂಡು ಓಡಿದೆ."

"ಬಾಗಿಲ ಹತ್ರ ಬಂದಾಗ ಏನು ಕಾಣ್ತು?"

ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ, ವೇದಿಕೆಯ ಮೇಲೆ ಕೂರುವ ಹಾಗೆ ಕೂತಳು. "ಬಾಗಿಲು ತೆಗೆದೇ ಇತ್ತು," ಎಂದಳು.

ಮೇಷ್ಟ್ರು ಮುಂದಕ್ಕೆ ಬಾಗಿದರು. ಇಷ್ಟು ವರ್ಷ ತರಗತಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಆ ಕ್ಷಣ ಕೈಬಿಟ್ಟರು.

"ಹೊರಗಿಂದ ಬೀಗ ಹಾಕಿದ್ರು ಅಂತ ಹೇಳ್ತಿದ್ದೆಯಲ್ಲ ದೊಡ್ಡಮ್ಮ, ನಾನು ಚಿಕ್ಕೋನಿದ್ದಾಗ?"

ಅವಳು ಅವರ ಮುಖವನ್ನೇ ನೋಡಿದಳು. ಮಗುವಿಗೆ ಏನು ಬೇಕೆಂದು ಹುಡುಕುವ ನೋಟ ಅದು, ಚಿಕ್ಕಂದಿನಿಂದ ಕಂಡದ್ದೇ.

"ಬೀಗ ಹಾಕಿದ್ರಾ? ಹಂಗಾದ್ರೆ ಹಾಕಿದ್ರು ಅಂತ ಬರ್ಕೋ. ಓದಿದೋನು ನೀನು, ನಿಂಗೆ ಗೊತ್ತಿರುತ್ತೆ. ಹೆಂಗೆ ಹೇಳ್ಬೇಕು ಹೇಳ್ಕೊಡು, ಹಂಗೇ ಹೇಳ್ತೀನಿ."

"ಆಯ್ತಲ್ಲ, ಸಿಕ್ತಲ್ಲ," ಎಂದಳು ಅಕ್ಕ ಸಂತೋಷದಿಂದ.

ಸಿಕ್ಕಿದ್ದು ಏನೂ ಇಲ್ಲವೆಂದು ಅವಳಿಗೆ ಹೇಗೆ ಹೇಳುವುದು? ವಿದ್ಯಾರ್ಥಿಯೊಬ್ಬ ಇಂಥ ರೆಕಾರ್ಡಿಂಗು ತಂದಿದ್ದರೆ ಮೇಷ್ಟ್ರೇ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದರು. ಉಳಿದಿದ್ದ ಒಂದೇ ಒಂದು ಸಾಕ್ಷಿಯನ್ನು ಕೈಯಾರೆ ಕೆಡಿಸಿದ್ದರು. ಸಿಟ್ಟು ಮಾಡೋಣವೆಂದರೆ ಎದುರಿಗಿದ್ದವಳು ದೊಡ್ಡಮ್ಮ. ಅವರ ಕಣ್ಣು ತುಂಬಿಬಂತು.

"ಯಾಕೋ, ತಪ್ಪು ಹೇಳಿದ್ನಾ?" ಎಂದಳು ಅವಳು ಅಳುಕುತ್ತ.

"ಇಲ್ಲ ದೊಡ್ಡಮ್ಮ. ಸರಿಯಾಗೇ ಹೇಳಿದೆ."

"ಹಂಗಾದ್ರೆ ಊಟ ಮಾಡ್ಕೊಂಡು ಹೋಗು. ಒಂದೆರಡು ಚೊಂಬು ನೀರು ಸುರ್ಕೊಂಡು ಬರ್ತೀನಿ."

ಗೋಡೆ ಹಿಡಿದುಕೊಂಡು ಅವಳು ಬಚ್ಚಲಿಗೆ ಹೋದಳು. ಬಾಗಿಲು ಮುಂದಕ್ಕೆ ಬಂತು, ಪೂರ್ತಿ ಮುಚ್ಚಲಿಲ್ಲ. ಅಂಚಿನಲ್ಲಿ, ಆಸ್ಪತ್ರೆಯಿಂದ ಬಂದ ವಾರ ಅವಳು ಕೀಳಿಸಿದ್ದ ಚಿಲಕದ ಮೊಳೆಗಳಿದ್ದ ತೂತುಗಳು ಬಣ್ಣದಡಿಯಿಂದ ಈಗಲೂ ಕಾಣುತ್ತಿದ್ದವು. ಒಂದು ಕ್ಷಣ ಬಿಟ್ಟು ಒಳಗಿನಿಂದ ಒಡಕು ದನಿಯ ಹಾಡು ಶುರುವಾಯಿತು.

ರೆಕಾರ್ಡರು ಆರಿಸಲು ಹೋದ ಮೇಷ್ಟ್ರ ಕೈ ನಿಂತಿತು. ಅಕ್ಕ ಹೆಚ್ಚುವುದನ್ನು ಬಿಟ್ಟು ಅವರನ್ನು ನೋಡಿದಳು. ಅವರು ರೆಕಾರ್ಡರನ್ನು ಮೇಜಿನ ಮೇಲೆ ಬಚ್ಚಲಿನ ಕಡೆಗೆ ಸ್ವಲ್ಪ ಸರಿಸಿ, ಸದ್ದಾಗದಂತೆ ಕೂತರು. ಒಳಗೆ ನೀರು ಜೋರಾಗಿ ಬೀಳತೊಡಗಿದಾಗ, ಹೊರಗಿನವರಿಗೆ ಕೇಳಿಸದೆ ಹೋದೀತೆಂದು, ದೊಡ್ಡಮ್ಮ ಇನ್ನಷ್ಟು ಗಟ್ಟಿಯಾಗಿ ಹಾಡಿದಳು.