ಗೊಂಬೆಗೆ ಕೊಟ್ಟ ಅಳು

"ಗಂಡ ಸತ್ತಾಗ ಬಂದ ಅಳು ಈಗ ಯಾಕೆ ಬರಲ್ಲ, ಮುಂಡೇದೇ? ಇಷ್ಟು ಜನ ಕೆಲಸ ಬಿಟ್ಟು ನಿನ್ನ ಬಾಯಿ ನೋಡ್ಕೊಂಡು ಕೂತಿದ್ದಾರೆ," ಎಂದ ಮೇಸ್ತ್ರಿ.

ಅವಳು ಸ್ಟುಡಿಯೋದ ನಡುವೆ ಸ್ಟೂಲಿನ ಮೇಲೆ ಕೂತಿದ್ದಳು. ಮುಖದ ತುಂಬ ಕಪ್ಪು ಚುಕ್ಕೆಗಳನ್ನು ಅಂಟಿಸಿದ್ದರು, ತುಟಿಯ ಸುತ್ತಲೇ ಹದಿನಾಲ್ಕು. ತಲೆಗೆ ಬಿಗಿದ ಪಟ್ಟಿಯಿಂದ ಒಂದು ಸಣ್ಣ ಕ್ಯಾಮೆರಾ ಮೂಗಿನ ಮುಂದೆ ಜೋತಾಡುತ್ತಿತ್ತು. ಅವಳ ಮುಖ ಆಡಿದಂತೆಲ್ಲ ಎದುರಿನ ಪರದೆಯಲ್ಲಿ ಒಂದು ಗೊಂಬೆಯ ಮುಖ ಆಡುತ್ತಿತ್ತು. ಹಾಲಿನ ಬಣ್ಣ, ನೀಲಿ ಕಣ್ಣು, ಹದಿನಾರರ ಪ್ರಾಯ.

ಇಂಥ ಗೊಂಬೆಗಳ ಲೋಕವೊಂದನ್ನು ಆ ಕಟ್ಟಡದಲ್ಲಿ ತಯಾರಿಸುತ್ತಿದ್ದರು. ಲಕ್ಷಾಂತರ ಜನ ಫೋನಿನೊಳಗೆ ಗೊಂಬೆಗಳಾಗಿ ಹಾಡುತ್ತಿದ್ದರು, ಕುಣಿಯುತ್ತಿದ್ದರು, ಮದುವೆಯನ್ನೂ ಆಗುತ್ತಿದ್ದರು. ಅದೇ ಕಟ್ಟಡದ ಹಿಂದಿನ ಪಾಯಿಖಾನೆ ಗುಂಡಿಯಲ್ಲಿ ನಾಲ್ಕು ತಿಂಗಳ ಕೆಳಗೆ ಅವಳ ಗಂಡ ಸತ್ತಿದ್ದ. ಸಂಜೆ ಅತಿಥಿಗಳು ಬರುವವರಿದ್ದರು, ಗುಂಡಿ ಕಟ್ಟಿಕೊಂಡು ನಾರುತ್ತಿತ್ತು. ಗುಂಡಿ ಬಳಿಯುವ ಮೆಷಿನ್ ಬರಲು ಎರಡು ದಿನ ಬೇಕೆಂದಾಗ ಕಂಪನಿಯ ಯಜಮಾನ ಯಾರನ್ನಾದರೂ ಇಳಿಸು ಎಂದು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ಅವಳ ಗಂಡನನ್ನು ಇಳಿಸಿದ.

ಹೆಣವನ್ನು ಕಾರು ನಿಲ್ಲಿಸುವ ಜಾಗದಲ್ಲಿ ಮಲಗಿಸಿದ್ದರು. ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿಕೊಂಡು ಅತ್ತಿದ್ದಳು. ಅವಳ ಅವ್ವ, ಅವ್ವನ ಅವ್ವ ಎಲ್ಲರೂ ಅತ್ತದ್ದು ಹಾಗೆಯೇ. ಸತ್ತವನು ಹೇಗೆ ಬದುಕಿದ, ಹೇಗೆ ಹೋದ ಎಂಬುದನ್ನೆಲ್ಲ ಹಾಡಿ ಕಳಿಸಿಕೊಡಬೇಕು. ಮೂರನೇ ಮಹಡಿಯ ಕಿಟಕಿಯಿಂದ ಯಾರೋ ಅದನ್ನು ಫೋನಿನಲ್ಲಿ ಹಿಡಿದರು.

ವಾರದೊಳಗೆ "ಒಳಗೆ ಹೋದೋನು ಮೇಲೆ ಬರಲಿಲ್ಲವಲ್ಲೋ" ಎಂಬ ಒಂದು ಸಾಲು ಫೋನಿನಿಂದ ಫೋನಿಗೆ ಊರೆಲ್ಲ ಹರಿದಾಡಿತು. ಲಿಫ್ಟು ತಪ್ಪಿಹೋದ ಹುಡುಗಿಯೊಬ್ಬಳು ಎದೆ ಬಡಿದುಕೊಂಡು ಆ ಸಾಲಿಗೆ ತುಟಿ ಆಡಿಸಿದಳು. ಕಮೋಡಿನೊಳಗೆ ಫೋನು ಬಿದ್ದವನೂ ಆಡಿಸಿದ. ಅದನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದ ನಾದಿನಿಗೆ ನಡುವೆಯೇ ದನಿಯ ಗುರುತು ಹತ್ತಿತು. ಅತ್ತಿಗೆಯ ಮುಖ ನೋಡಲಾರದೆ ಅವಳು ಎರಡು ದಿನ ಬೇರೆಯವರ ಮನೆಯಲ್ಲಿ ಮಲಗಿದಳು.

ಈಗ ಯಜಮಾನನಿಗೆ ಆ ಅಳು ಬೇಕಾಗಿತ್ತು. ಗುಂಡಿ ಒತ್ತಿದರೆ ಗೊಂಬೆ ಅಳಬೇಕು. ಬರುವುದಿಲ್ಲ ಎಂದಿದ್ದರೆ ಆ ಕಟ್ಟಡದಲ್ಲಿ ಅವಳ ಕಸ ಗುಡಿಸುವ ಕೆಲಸವೂ ನಾದಿನಿಯ ಕೆಲಸವೂ ಹೋಗುತ್ತಿದ್ದವು.

ಯಜಮಾನ ಬೈಯುವವನಲ್ಲ. "ಆತುರ ಇಲ್ಲಮ್ಮ, ನಿಧಾನಕ್ಕೆ ನೆನಪು ಮಾಡ್ಕೊ," ಎಂದು ಪಕ್ಕದವನಿಗೆ ಸನ್ನೆ ಮಾಡಿದ. ಗೊಂಬೆ ಮಾಯವಾಯಿತು. ಪರದೆಯ ತುಂಬ ಗುಂಡಿಯಿಂದ ಎತ್ತಿದ ಗಂಡ. ಬಾಯಿ ತೆರೆದೇ ಇತ್ತು, ಬಾಯಲ್ಲಿ ತುಂಬಿದ್ದೂ ಕಾಣುತ್ತಿತ್ತು.

ಅವಳು ಅತ್ತಳು. ಏಳು ಸಲ ತೆಗೆದರು. ಕೊನೆಗೆ ಅವಳು ಸ್ಟೂಲಿನಿಂದೆದ್ದು ಪಕ್ಕದಲ್ಲಿದ್ದ ಸೋಫಾದ ತುದಿಗೆ ಕುಸಿದಾಗ ಮೇಸ್ತ್ರಿ ಎಬ್ಬಿಸಿ, ನೀರಿನ ಕಾಗದದ ಲೋಟ ಕೊಟ್ಟು, ಮೆಟ್ಟಿಲ ಮೇಲೆ ಕೂತು ಕುಡಿಯಲು ಹೇಳಿದ.

ಗೊಂಬೆಯನ್ನು ಜನರಿಗೆ ತೋರಿಸುವ ದಿನ ಸಭಾಂಗಣ ಕಿಕ್ಕಿರಿದಿತ್ತು. ಎಲ್ಲರೆದುರು ಗೊಂಬೆ ಆಗಿಂದಾಗಲೇ ಅಳಬೇಕೆಂದು ಅವಳನ್ನು ವೇದಿಕೆಯ ಬದಿಯ ಬಟ್ಟೆ ಪರದೆಯ ಹಿಂದೆ ಚುಕ್ಕೆ ಅಂಟಿಸಿ ಕೂರಿಸಿದ್ದರು. ಆ ಒಂದು ಸಾಲು, ಮೂರು ಸಲ, ಅಷ್ಟೇ ಎಂದಿದ್ದರು. ಮುಂದಿದ್ದ ಪುಟ್ಟ ಟೀವಿಯಲ್ಲಿ ಸಭೆ ಕಾಣುತ್ತಿತ್ತು. ಮೊದಲ ಸಾಲಿನಲ್ಲಿ ಯಜಮಾನ, ಪಕ್ಕದಲ್ಲಿ ಹೊಸ ಅಂಗಿ ತೊಟ್ಟ ಮೇಸ್ತ್ರಿ.

ಮೊದಲ ಸಲ ಹಾಡಿದಾಗ ಜನ ಗುರುತು ಹಿಡಿದು ಕೇಕೆ ಹಾಕಿದರು. ಎರಡನೇ ಸಲ ಅವಳು ಬಾಯಿ ತೆರೆಯುವ ಮೊದಲೇ ಇಡೀ ಸಭೆ ಎದೆ ಬಡಿದುಕೊಂಡು ಆ ಸಾಲು ಹಾಡಿತು. ಅವಳು ಟೀವಿಯಲ್ಲಿ ಯಜಮಾನನನ್ನೂ ಮೇಸ್ತ್ರಿಯನ್ನೂ ನೋಡಿದಳು. ಮೂರನೇ ಸಲ ಅವಳು ಅದೇ ರಾಗ ಹಿಡಿದಳು.

"ಮೆಷಿನ್ ಬರಲಿ ಅಂತ ಕೈ ಮುಗಿದನಲ್ಲೋ... ಒಂದು ಹಗ್ಗ ಆದ್ರೂ ಕೊಡಿ ಅಂದನಲ್ಲೋ... ಇಳಿಯೋ ಬೋಳಿಮಗನೇ ಅಂದೋನು ಮುಂದಿನ ಸಾಲಲ್ಲಿ ಕೂತಿದ್ದಾನಲ್ಲೋ... ಇಳಿಸು ಅಂತ ಹೇಳಿದೋನು ಅವನ ಪಕ್ಕದಲ್ಲೇ..."

ಮೈಕು ಸತ್ತಿತು. ಮೇಸ್ತ್ರಿ ಪರದೆ ಸರಿಸಿಕೊಂಡು ನುಗ್ಗಿ ಬಂದು ಕೆನ್ನೆಗೆ ಬಾರಿಸಿದ. ಅವಳು ಹಾಡು ನಿಲ್ಲಿಸಲಿಲ್ಲ. ಮತ್ತೆ ಬಾರಿಸಿದ.

ಹೊರಗೆ, ಸಭೆಯೆದುರಿನ ದೊಡ್ಡ ಪರದೆಯಲ್ಲಿ, ಮನೆಯೆತ್ತರದ ಗೊಂಬೆಯ ಬಾಯಿ ದನಿಯಿಲ್ಲದೆ ತೆರೆದು ಮುಚ್ಚುತ್ತಿತ್ತು. ಅದರ ಬೆಳ್ಳನೆಯ ಮುಖ ಹೊಡೆಯುವ ಕೈಯೇ ಕಾಣದೆ ಅತ್ತಿಂದಿತ್ತ ಹೊಯ್ದಾಡಿತು. ಇಂಥದ್ದನ್ನು ಕಂಡೇ ಇರಲಿಲ್ಲವೆಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.